ಗೇಟಿನ ಬಳಿ ಇಪ್ಪತ್ತೇಳನೇ ನಂಬರು

ಕಿತಾಹಾಮ
ಏಪ್ರಿಲ್ 14

ಯಾಸುಗಿ ಮೇಷ್ಟ್ರಿಗೆ ನಮಸ್ಕಾರಗಳು.

ಪತ್ರವನ್ನು ಹವಾಮಾನದಿಂದ ಶುರು ಮಾಡಬೇಡ, ವಿಷಯದಿಂದ ಶುರು ಮಾಡು ಎಂದು ಹೈಸ್ಕೂಲಿನಲ್ಲಿ ಹೇಳಿಕೊಟ್ಟವರು ನೀವು. ಆದ್ದರಿಂದ ಚೆರ್ರಿ ಹೂವಿನ ಸುದ್ದಿ ಬಿಡುತ್ತೇನೆ. ವಿಷಯ ಇದು: ಎರಡನೇ ವಿಭಾಗದ ಫುಟ್‌ಬಾಲ್ ಲೀಗ್‌ನಲ್ಲಿ ಒಂಬತ್ತು ಪಂದ್ಯ ಮುಗಿದಿವೆ. ನಮ್ಮ ತಂಡ ಹದಿಮೂರನೇ ಸ್ಥಾನದಲ್ಲಿದೆ. ನಾನು ಆಡಿದ್ದು ಸೊನ್ನೆ ನಿಮಿಷ.

ಇನ್ನೊಂದು ವಿಷಯವೂ ಇದೆ, ಅದು ನನಗೆ ಅರ್ಥವಾಗುತ್ತಿಲ್ಲ. ಕ್ಲಬ್ಬಿನ ಅಂಗಡಿಯಲ್ಲಿ ಈ ವರ್ಷ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಜೆರ್ಸಿ ನನ್ನದು. ಇಪ್ಪತ್ತೇಳನೇ ನಂಬರು, 412. ಆರು ಗೋಲು ಹೊಡೆದ ನಮ್ಮ ಮುಂಚೂಣಿ ಆಟಗಾರನದು 388. ಪ್ರಚಾರ ವಿಭಾಗದ ಹೊಶಿಬಾ ಈ ಅಂಕಿ ತಂದು ತೋರಿಸಿದಾಗ ಅಚ್ಚಿನ ತಪ್ಪಿರಬೇಕು ಎಂದೆ.

"ನಾನೂ ಹಾಗೇ ಅಂದ್ಕೊಂಡು ಮೂರು ಸಲ ಎಣಿಸಿದೆ, ಕುವಾಬಾರ ಅವರೇ. ನೀವು ಹೊರಗಡೆ ಏನ್ ಮಾಡ್ತಿದ್ದೀರ ನಿಜ ಹೇಳಿ" ಎಂದಳು.

"ಏನೂ ಮಾಡ್ತಿಲ್ಲ."

"ಅದೇ ಎಲ್ರೂ ಹೇಳ್ತಾರೆ. ಏನೂ ಮಾಡಲ್ಲ, ಆದ್ರೂ ಇಷ್ಟ ಅಂತ."

ನನಗೆ ಮೂವತ್ತು ವರ್ಷ. ಕಳೆದ ವರ್ಷ ನಾಲ್ಕು ಪಂದ್ಯ ಆಡಿದೆ, ಅದರಲ್ಲಿ ಎರಡು ಸೋತೆವು. ನೋಡಲು ಹೇಗಿದ್ದೇನೆ ಎಂಬುದು ನಿಮಗೆ ಗೊತ್ತು. ಜನಕ್ಕೆ ನಾನು ಯಾಕೆ ಇಷ್ಟ?

ಎಂದಿನಂತೆ ಕೆಂಪಿನಲ್ಲಿ ತಿದ್ದಿ ಬರೆಯಿರಿ. ಹೋದ ಸಲ ನಿಮ್ಮ ಪತ್ರ ನನ್ನ ಕಪಾಟಿನಿಂದ ಕೆಳಗೆ ಬಿದ್ದಿತ್ತು. ಹೊಶಿಬಾ ನೋಡಿ ಬೆಚ್ಚಿದಳು. "ಕೆಂಪು ಶಾಯಿ! ಯಾರಾದ್ರೂ ನಿಮ್ಮ ಜೊತೆ ಸಂಬಂಧ ಕಡ್ಕೊಂಡ್ರಾ?" ಎಂದು ಕೇಳಿದಳು. ಊರಿಗೆಲ್ಲ ಕೆಂಪಕ್ಷರದ ಪತ್ರ ಎಂದರೆ ಇಲ್ಲಿಗೆ ಮುಗಿಯಿತು ಎಂದೇ ಅರ್ಥ. ನಮ್ಮ ಮೇಷ್ಟ್ರು ಹದಿನೈದು ವರ್ಷದಿಂದ ನನಗೆ ಕೆಂಪಿನಲ್ಲೇ ಬರೆಯುತ್ತಿದ್ದಾರೆ, ಆಟದ ನೋಟ್‌ಪುಸ್ತಕ ತಿದ್ದುವ ಪೆನ್ನು ಅದು ಎಂದೆ. ಅವಳಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ತೆಪ್ಪೇಯ್


ಓಕಿ ದ್ವೀಪ
ಏಪ್ರಿಲ್ 25

ತೆಪ್ಪೇಯ್,

ಪತ್ರದಲ್ಲಿ ಜೆರ್ಸಿಯ ಬಗ್ಗೆ ಇಪ್ಪತ್ತು ಸಾಲು. ಅಭ್ಯಾಸದ ಬಗ್ಗೆ ಒಂದೂ ಇಲ್ಲ. ಪತ್ರದ ಈ ಅರ್ಧಕ್ಕೆ ಪೂರ್ತಿ ಗೆರೆ ಎಳೆದಿದ್ದೇನೆ.

ಜನಕ್ಕೆ ನಾನು ಯಾಕೆ ಇಷ್ಟ ಎಂದು ಕೇಳಿದ್ದೀಯ. ನಾನು ಯಾಕೆ ಆಡುತ್ತಿಲ್ಲ ಎಂದು ಕೇಳಬೇಕಿತ್ತು. ಅದಕ್ಕೆ ಉತ್ತರ ನನ್ನ ಹತ್ತಿರ ಇದೆ, ಹೈಸ್ಕೂಲಿನಲ್ಲೂ ಇತ್ತು. ಎದುರಾಳಿ ನಿನ್ನ ಬಲಬದಿಯಲ್ಲಿ ಚೆಂಡು ಹಿಡಿದಾಗ ನಿನ್ನ ಮೊದಲ ಹೆಜ್ಜೆ ಸರಿಯಾಗಿ ಬೀಳುತ್ತದೆ. ಎರಡನೇ ಹೆಜ್ಜೆ ತಡ. ಮೊದಲ ಹೆಜ್ಜೆ ಇಟ್ಟು ಅವನ ಮುಖ ನೋಡುತ್ತೀಯ. ಕಾಲು ನೋಡು, ಮುಖ ಬೇಡ ಎಂದು ನೋಟ್‌ಪುಸ್ತಕದಲ್ಲಿ ಎಷ್ಟು ಸಲ ಬರೆದಿದ್ದೇನೆ?

ಇನ್ನೊಂದು. ನೀನು ಆಡುವವರ ಪಟ್ಟಿಯಲ್ಲಿ ಇಲ್ಲದ ದಿನ ಪಂದ್ಯದ ಹೊತ್ತಿನಲ್ಲಿ ಎಲ್ಲಿರುತ್ತೀಯ, ಏನು ಮಾಡುತ್ತೀಯ? ಹೊಶಿಬಾ ಎಂಬುವಳು ಕೇಳಿದ್ದು ಸರಿಯಾದ ಪ್ರಶ್ನೆ. ನೀನು ಅದಕ್ಕೆ ಉತ್ತರ ಬರೆದಿಲ್ಲ.

ಯಾಸುಗಿ


ಕಿತಾಹಾಮ
ಮೇ 20

ಮೇಷ್ಟ್ರಿಗೆ ನಮಸ್ಕಾರಗಳು.

ಗೇಟಿನಲ್ಲಿ ಇರುತ್ತೇನೆ. ಇದು ನಿಮಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ. ನಮ್ಮ ಮೈದಾನದಲ್ಲೇ ನಡೆಯುವ ತವರು ಪಂದ್ಯದ ದಿನ, ಪಟ್ಟಿಯಿಂದ ಹೊರಗುಳಿದ ಆಟಗಾರರು ಪ್ರೇಕ್ಷಕರು ಬರುವಾಗ ಗೇಟಿನಲ್ಲಿ ನಿಂತು ಆ ದಿನದ ಕರಪತ್ರ ಹಂಚಬೇಕು. ಪಂದ್ಯ ಮುಗಿದ ಮೇಲೆ ಅದೇ ಗೇಟಿನಲ್ಲಿ ಸಾಲಾಗಿ ನಿಂತು ಹೊರಗೆ ಹೋಗುವವರ ಅಂಗೈಗೆ ಅಂಗೈ ತಟ್ಟಿ ಕಳಿಸಬೇಕು. ಬೇರೆಯವರು ತಿಂಗಳಿಗೆ ಒಂದು ಸಲ ನಿಲ್ಲುತ್ತಾರೆ. ನಾನು ಎಲ್ಲ ತವರು ಪಂದ್ಯಕ್ಕೂ ನಿಂತಿದ್ದೇನೆ. ನಾಲ್ಕೈದು ಸಾವಿರ ಜನ ಹೋಗುತ್ತಾರೆ. ಮನೆಗೆ ಹೋದಾಗ ಅಂಗೈ ಕೆಂಪಾಗಿರುತ್ತದೆ.

ಕೆಲವರ ಹೆಸರು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. ಎಪ್ಪತ್ತೆಂಟು ವರ್ಷದ ತಾಗುಚಿ ಕಿನು ಅಜ್ಜಿ ಮೊದಲು ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿದ್ದರು. ಬಲಮಂಡಿ ನೋವು. ಗೇಟು ತೆರೆಯುವ ಮೊದಲೇ ಬಂದು ಸಾಲಿನ ಮುಂದೆ ನಿಂತಿರುತ್ತಾರೆ. ನನಗೆ ಉಪ್ಪುಮೀನು ತುಂಬಿದ ಅನ್ನದ ಉಂಡೆ ತರುತ್ತಾರೆ. ಆಟಗಾರರು ಪ್ರೇಕ್ಷಕರಿಂದ ತಿಂಡಿ ತೆಗೆದುಕೊಳ್ಳಬಾರದು ಎಂದು ಹೇಳಿದೆ.

"ಆಟಗಾರರಿಗೆ ತಾನೇ? ನಿಂಗಲ್ವಲ್ಲ. ತಗೋ" ಎಂದರು.

ಅವರು ಹಾಗೇಕೆ ಅಂದರೆಂದು ಆಮೇಲೂ ಯೋಚಿಸಿದೆ.

ನಿಮ್ಮ ಪ್ರಶ್ನೆಯನ್ನು ಹೊಶಿಬಾಗೆ ತೋರಿಸಿದೆ. ಅವಳು ಒಂದು ಸಮೀಕ್ಷೆಯನ್ನೇ ಮಾಡಿಬಿಟ್ಟಳು. ಕುವಾಬಾರ ಯಾಕೆ ಇಷ್ಟ ಎಂದು ಇನ್ನೂರು ಜನರನ್ನು ಕೇಳಿದಳು. ಬಂದ ಉತ್ತರಗಳಲ್ಲಿ ಕೆಲವು: ತಂಡ ಸೋತಾಗ ನಿಜವಾಗಿ ಬೇಜಾರಾದವನ ಹಾಗೆ ಕಾಣುತ್ತಾನೆ. ಗೆದ್ದಾಗಲೂ ಹಾಗೇ ಕಾಣುತ್ತಾನೆ. ನಮ್ಮ ಭಾವನ ಹಾಗಿದ್ದಾನೆ. ಕಿವಿ ಚೆನ್ನಾಗಿದೆ. ಇಷ್ಟ ಇಲ್ಲ, ಆದರೆ ನಮ್ಮ ಮಗಳಿಗೆ ಇಷ್ಟ. ಮಗಳನ್ನು ಕೇಳಿದರೆ ಅಪ್ಪನಿಗೆ ಇಷ್ಟ ಎಂದಳಂತೆ. ಆಟ ಎಂಬ ಪದ ಇನ್ನೂರರಲ್ಲಿ ಒಂದರಲ್ಲೂ ಇರಲಿಲ್ಲ.

ಅಭ್ಯಾಸ: ವಾರಕ್ಕೆ ಐದು ದಿನ. ಎರಡನೇ ಹೆಜ್ಜೆಗೆಂದೇ ದಿನಾ ಇಪ್ಪತ್ತು ನಿಮಿಷ ಹೆಚ್ಚು ನಿಲ್ಲುತ್ತೇನೆ. ನಾನಾಡುವ ಬಲಬದಿಯ ರಕ್ಷಕನ ಜಾಗದಲ್ಲಿ ಈಗ ಜಿನ್ನೊ ಎಂಬ ಇಪ್ಪತ್ತರ ಹುಡುಗ ಇದ್ದಾನೆ. ಅವನ ಎರಡನೇ ಹೆಜ್ಜೆ ನನ್ನ ಮೊದಲ ಹೆಜ್ಜೆಗಿಂತ ಬೇಗ.

ಜೊತೆಗೆ ಒಂದು ಟವೆಲು ಕಳಿಸಿದ್ದೇನೆ. ಕ್ಲಬ್ಬಿನವರು ನನ್ನ ಮುಖ ಅಚ್ಚು ಹಾಕಿಸಿದ್ದಾರೆ. ಯಾರಿಗೆ ಕೊಡಬೇಕೋ ತಿಳಿಯಲಿಲ್ಲ.

ತೆಪ್ಪೇಯ್


ಓಕಿ ದ್ವೀಪ
ಜೂನ್ 8

ತೆಪ್ಪೇಯ್,

ಟವೆಲು ಬಂತು. ಹೆಂಡತಿ ಫುಮಿ ಅದನ್ನು ಒಗೆದು ಅಂಗಳದ ಹಗ್ಗಕ್ಕೆ ಹಾಕಿದಳು. ಪಕ್ಕದ ಮನೆಯ ಮೀನುಗಾರ ಬೇಲಿಯಾಚೆ ನಿಂತು ನೋಡಿ, "ಮೇಷ್ಟ್ರೇ, ಇವ್ರು ಯಾವ ಪಕ್ಷ? ಚುನಾವಣೆ ಹತ್ರ ಬಂತಾ?" ಎಂದು ಕೇಳಿದ. ನನ್ನ ಶಿಷ್ಯ ಎಂದೆ. ಏನು ಕೆಲಸ ಎಂದ. ಫುಟ್‌ಬಾಲ್ ಆಟಗಾರ ಎನ್ನಲು ಬಾಯಿ ತೆರೆದೆ. ನಿನ್ನ ಪತ್ರದ ಪ್ರಕಾರ ಅದು ವಾಸ್ತವವೋ ಅಲ್ಲವೋ ತಿಳಿಯದೆ ಬಾಯಿ ಮುಚ್ಚಿದೆ.

ನಲವತ್ತು ವರ್ಷ ಹುಡುಗರಿಗೆ ಆಟ ಕಲಿಸಿದ್ದೇನೆ. ವೃತ್ತಿ ಆಟಗಾರರಾದವರು ಮೂವರು. ಒಬ್ಬ ಮಂಡಿ ಮುರಿದುಕೊಂಡ. ಒಬ್ಬ ಕುಡಿದು ಕೆಟ್ಟ. ಮೂರನೆಯವನು ಬಾಗಿಲು ಕಾಯುತ್ತಿದ್ದಾನೆ, ಅದಕ್ಕೆ ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಇದರಲ್ಲಿ ಯಾವುದಕ್ಕೆ ಹೆಚ್ಚು ಬೇಜಾರು ಮಾಡಿಕೊಳ್ಳಬೇಕು ಎಂದು ನನಗೆ ತಿಳಿಯುತ್ತಿಲ್ಲ.

ತರಬೇತುದಾರನ ಮುಂದೆ ನೇರ ಹೋಗಿ ನಿಲ್ಲು. ನನ್ನಲ್ಲಿ ಏನು ಕಡಿಮೆ ಎಂದು ಕೇಳು. ಉತ್ತರವನ್ನು ಅವನ ಮಾತಿನಲ್ಲೇ ಬರೆದು ಕಳಿಸು.

ಬರೆದದ್ದನ್ನು ಫುಮಿ ಓದಿ, "ಇಷ್ಟು ಖಾರ ಯಾಕೆ? ನೀವು ಒಂದ್ಸಲವಾದ್ರೂ ಹೋಗಿ ಆ ಗೇಟು ನೋಡಿದ್ದೀರಾ?" ಎಂದಳು. ನೋಡದೆಯೂ ಗೊತ್ತು.

ಯಾಸುಗಿ


ಕಿತಾಹಾಮ
ಜುಲೈ 30

ಮೇಷ್ಟ್ರಿಗೆ ನಮಸ್ಕಾರಗಳು.

ಆಡಿದೆ.

ಜುಲೈ 19, ತವರು ಪಂದ್ಯ, ಪೂರ್ತಿ ತೊಂಬತ್ತು ನಿಮಿಷ. ಜಿನ್ನೊ ಹಿಂದಿನ ದಿನ ಕಣಕಾಲು ಉಳುಕಿಸಿಕೊಂಡ. ಫಲಿತಾಂಶ 1–1. ಎದುರಾಳಿಯಿಂದ ಏಳು ಸಲ ಚೆಂಡು ಕಿತ್ತುಕೊಂಡೆ. ಅರವತ್ತಮೂರನೇ ನಿಮಿಷದಲ್ಲಿ ನನ್ನ ಬದಿಯಿಂದಲೇ ಗೋಲು ಹೋಯಿತು. ಯಾಕೆ ಎಂದು ನೀವು ಬರೆಯುವುದು ಬೇಡ, ಗೊತ್ತು. ಮುಖ ನೋಡಿದೆ.

ಆದರೆ ಮೇಷ್ಟ್ರೇ, ಸೀಟಿ ಊದಿದ ಮೇಲೂ ಖುಷಿಗೆ ಮೈದಾನ ಬಿಟ್ಟು ಹೊರಗೆ ಬರಲು ಮನಸ್ಸಾಗಲಿಲ್ಲ. ನಾನು ಯಾವುದಕ್ಕೆ ಹುಟ್ಟಿದೆನೋ ಅದನ್ನು ತೊಂಬತ್ತು ನಿಮಿಷ ಮಾಡಿದ್ದೆ. ಇನ್ನೊಂದು ಸಲ ಸಿಗಬೇಕು, ಅಷ್ಟೇ ಬೇಕು ಎಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಕುಳಿತು ಅಂದುಕೊಂಡೆ.

ಅಷ್ಟರಲ್ಲಿ ಹೊಶಿಬಾ ಓಡಿ ಬಂದಳು. ಗೇಟಿನಲ್ಲಿ ಗಲಾಟೆಯಾಗಿತ್ತಂತೆ. ನಾನು ಅಲ್ಲಿ ಇಲ್ಲದ್ದನ್ನು ನೋಡಿ ಕಿನು ಅಜ್ಜಿ, ಅಲ್ಲಿ ನಿಂತಿದ್ದ ಹೊಸ ಗೋಲ್‌ಕೀಪರನ್ನು ವಿಚಾರಿಸಿದ್ದಾರೆ. ಅವನಿಗೆ ಹತ್ತೊಂಬತ್ತು ವರ್ಷ, ಸಂಕೋಚದ ಹುಡುಗ. "ಕುವಾಬಾರ ಅವ್ರು ಇವತ್ತಿಂದ ಇಲ್ಲಿ ಇಲ್ಲ" ಎಂದು ತಲೆ ಬಗ್ಗಿಸಿದ್ದಾನೆ. ಅವನು ತಲೆ ಬಗ್ಗಿಸಿದ ರೀತಿ ನೋಡಿ ಅಜ್ಜಿ, ನನ್ನನ್ನು ಕೆಲಸದಿಂದ ತೆಗೆದುಹಾಕಿದ್ದಾರೆ ಎಂದುಕೊಂಡರು. ಹಿಂದಿದ್ದವರಿಗೂ ಹೇಳಿದರು. ಅಜ್ಜಿ ಪಂದ್ಯ ನೋಡದೆ ಬಸ್ಸು ಹತ್ತಿ ಮನೆಗೆ ಹೋದರು. ಇನ್ನೂ ಕೆಲವರು ಹೋದರು. ಹೋದವರು ಆಮೇಲೆ ಕ್ಲಬ್ಬಿಗೆ ಪತ್ರ ಬರೆದರು, ನಲವತ್ತಮೂರು. ನಾನು ಒಳಗೆ ಆಡುತ್ತಿದ್ದೆ.

ಮರುದಿನ ನಾನೇ ಅಜ್ಜಿಯ ಮನೆಗೆ ಹೋದೆ. ಅಜ್ಜಿಯೇ ಬಾಗಿಲು ತೆರೆದರು.

"ಎಲ್ಲಿ ಹೋಗಿದ್ಯಪ್ಪಾ?"

"ಆಡ್ತಿದ್ದೆ ಅಜ್ಜಿ. ಮೈದಾನದಲ್ಲಿ."

"ನೀನು ಆಟಾನೂ ಆಡ್ತೀಯಾ?"

ಅವರ ಮೈಮೇಲೆ ನನ್ನ ಜೆರ್ಸಿ ಇತ್ತು. ಇಪ್ಪತ್ತೇಳು ಎಂದರೆ ಗೇಟಿನವರ ನಂಬರು ಎಂದುಕೊಂಡಿದ್ದರಂತೆ.

ನಿನ್ನೆ ಜಿನ್ನೊ ವಾಸಿಯಾಗಿ ಬಂದ. ನಾನು ಮತ್ತೆ ಗೇಟಿಗೆ. ಜನ ನನ್ನ ಕೈ ಹಿಡಿದುಕೊಂಡು, "ಅಬ್ಬಾ, ವಾಪಸ್ ಬಂದ್ರಲ್ಲ, ಒಳ್ಳೇದಾಯ್ತು!" ಎಂದರು. ಕೆಲವರ ಕಣ್ಣು ಒದ್ದೆಯಾಗಿತ್ತು. ನಾನು ತಲೆ ಬಗ್ಗಿಸಿ ಧನ್ಯವಾದ ಹೇಳಿದೆ. ಏನಕ್ಕೆ ಧನ್ಯವಾದ ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಾಗಲಿಲ್ಲ.

ತೆಪ್ಪೇಯ್


ಓಕಿ ದ್ವೀಪ
ಆಗಸ್ಟ್ 9 (ಕಾರ್ಡು)

ತೆಪ್ಪೇಯ್,

ಪತ್ರಿಕೆಯಲ್ಲಿ ನಿಮ್ಮ ಪಂದ್ಯಕ್ಕೆ ನಾಲ್ಕು ಸಾಲು. ನಿನ್ನ ಹೆಸರು ಮೂರನೆಯದರಲ್ಲಿ, ಗೋಲು ಬಿಟ್ಟುಕೊಟ್ಟದ್ದಕ್ಕೆ. ಕತ್ತರಿಸಿ ಇಟ್ಟಿದ್ದೇನೆ. ತರಬೇತುದಾರನನ್ನು ಕೇಳಿದ ವಿಷಯ ಪತ್ರದಲ್ಲಿ ಇಲ್ಲ. ಸೆಪ್ಟೆಂಬರಿನಲ್ಲಿ ತವರು ಪಂದ್ಯ ಯಾವ ತಾರೀಕು? ಸುಮ್ಮನೆ ಕೇಳಿದೆ.

ಯಾಸುಗಿ


ಕಿತಾಹಾಮ
ಆಗಸ್ಟ್ 17 (ಕಾರ್ಡು)

ಮೇಷ್ಟ್ರಿಗೆ ನಮಸ್ಕಾರಗಳು. ಸೆಪ್ಟೆಂಬರ್ 14, ಭಾನುವಾರ, ಮಧ್ಯಾಹ್ನ ಎರಡಕ್ಕೆ. ತರಬೇತುದಾರರನ್ನು ಇನ್ನೂ ಕೇಳಿಲ್ಲ. ಕೇಳುತ್ತೇನೆ.

ತೆಪ್ಪೇಯ್


ಓಕಿ ದ್ವೀಪ
ಸೆಪ್ಟೆಂಬರ್ 24

ಶ್ರೀ ಕುವಾಬಾರ ತೆಪ್ಪೇಯ್ ಅವರಿಗೆ,

ಬೆಳಗಿನ ಗಾಳಿಯಲ್ಲಿ ತಂಪು ಸೇರಿಕೊಳ್ಳುತ್ತಿರುವ ಈ ದಿನಗಳಲ್ಲಿ ನೀವು ಕ್ಷೇಮವೆಂದು ನಂಬಿದ್ದೇನೆ. ನಾವಿಬ್ಬರೂ ಕ್ಷೇಮ. ದ್ವೀಪದಲ್ಲಿ ಸೇವಂತಿಗೆ ಮೊಗ್ಗು ಬಿಟ್ಟಿದೆ. ಬೊಂಡಾಸ್ ಮೀನಿನ ಕಾಲವೂ ಶುರುವಾಗಿದೆ, ಒಣಗಿಸುವ ಕೆಲಸ ಇದೆ. ನಿಮ್ಮ ಕೆಲಸದಲ್ಲಿ ನಿಮಗೆ ಎಲ್ಲ ಬಗೆಯ ಯಶಸ್ಸು ಸಿಗಲಿ ಎಂದು ಹಾರೈಸುತ್ತೇನೆ.

ಯಾಸುಗಿ ಕನ್‌ಜಿ


ಕಿತಾಹಾಮ
ಅಕ್ಟೋಬರ್ 6

ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ಕಪ್ಪು ಶಾಯಿಯಲ್ಲಿದೆ. ನನ್ನನ್ನು ನೀವು ಎಂದು ಕರೆದಿದ್ದೀರಿ. ಹವಾಮಾನದಿಂದ ಶುರುವಾಗಿದೆ. ಹದಿನೈದು ವರ್ಷದಲ್ಲಿ ಹೀಗೆ ಆಗಿರಲಿಲ್ಲ.

ಹೊಶಿಬಾಗೆ ತೋರಿಸಿದೆ. "ಇದ್ರಲ್ಲಿ ಏನ್ ತಪ್ಪಿದೆ? ಎಷ್ಟು ಮರ್ಯಾದೆಯಾಗಿ ಬರ್ದಿದ್ದಾರೆ" ಎಂದಳು. ಅವಳಿಗೆ ಹೇಗೆ ವಿವರಿಸಲಿ? ಬೇರೆಯವರು ಕೆಂಪಿನಲ್ಲಿ ಬರೆದು ಸಂಬಂಧ ಕಡಿದುಕೊಳ್ಳುತ್ತಾರೆ. ನೀವು ಕಪ್ಪಿನಲ್ಲಿ ಬರೆದಿದ್ದೀರಿ. ನನ್ನ ಪಾಲಿಗೆ ಎರಡೂ ಒಂದೇ.

ಫೋನು ಮಾಡಿದೆ. ಫುಮಿ ಅಮ್ಮ ಎತ್ತಿಕೊಂಡರು. "ಹಿತ್ತಲಲ್ಲಿ ಮೀನು ಒಣಗಿಸ್ತಿದ್ದಾರಪ್ಪ. ಫೋನಿಗೆ ಬರಲ್ವಂತೆ, ಬರೀತಾರಂತೆ. ಏನಾಗಿದ್ಯೋ ನನ್ಗೂ ಹೇಳ್ತಿಲ್ಲ, ಊಟಾನೂ ಸರಿಯಾಗಿ ಮಾಡ್ತಿಲ್ಲ" ಎಂದರು.

ನಾನು ಏನು ತಪ್ಪು ಮಾಡಿದೆ? ಟವೆಲು ಕಳಿಸಬಾರದಿತ್ತೇ? ಅಜ್ಜಿಯ ಮನೆಗೆ ಹೋದದ್ದು ಸರಿಯಿಲ್ಲವೇ? ಅಥವಾ ಗೇಟಿನಲ್ಲಿ ನಾನು ನಿಲ್ಲುವ ರೀತಿಯಲ್ಲಿ ಏನಾದರೂ ಇದೆಯೇ? ಸೆಪ್ಟೆಂಬರ್ 14ರಂದು ಬಿಸಿಲು ಜೋರಾಗಿತ್ತು. ಆ ದಿನ ನನ್ನಿಂದ ಯಾರಿಗಾದರೂ ನೋವಾಗಿದ್ದರೆ ಅದು ತಿಳಿದು ಮಾಡಿದ್ದಲ್ಲ.

ತರಬೇತುದಾರರನ್ನು ಕೇಳಿದೆ. ಅವರ ಮಾತಿನಲ್ಲೇ ಬರೆಯುತ್ತೇನೆ: "ಕುವಾಬಾರ, ಮೈದಾನದಲ್ಲಿ ನೀನೊಬ್ಬ ಸಾಧಾರಣ ರಕ್ಷಕ. ಗೇಟಲ್ಲಿ ನಿಂತ್ರೆ ನಿನ್ನಂಥೋನು ಇಡೀ ಲೀಗ್‌ನಲ್ಲೇ ಇಲ್ಲ. ನಾನೇನ್ ಮಾಡ್ಲಿ, ನೀನೇ ಹೇಳು."

ಕ್ಲಬ್ಬಿನವರು ಕರೆದು ಮಾತಾಡಿದ್ದಾರೆ. ಮುಂದಿನ ವರ್ಷಕ್ಕೆ ಆಟಗಾರನಾಗಿ ನನ್ನ ಒಪ್ಪಂದ ಮುಂದುವರಿಸುವುದಿಲ್ಲ. ಆದರೆ ಕ್ಲಬ್ಬಿನ ಮುಖವಾಗಿ ಉಳಿಯಬಹುದು. ಗೇಟು, ಶಾಲೆಗಳು, ಊರ ಹಬ್ಬಗಳು, ಪೋಸ್ಟರು. ಅದು ಕಾಯಂ ಕೆಲಸ. ಇಪ್ಪತ್ತೇಳನೇ ನಂಬರು ನನ್ನ ಹೆಸರಿನಲ್ಲೇ ಇರುತ್ತದಂತೆ. ಇನ್ನೊಂದು ಕಡೆ ಶಿಕೊಕು ದ್ವೀಪದಲ್ಲಿ ನಾಲ್ಕನೇ ವಿಭಾಗದ ಒಂದು ತಂಡ ಇದೆ. ಬೆಳಿಗ್ಗೆ ಕಿತ್ತಳೆ ಪ್ಯಾಕ್ ಮಾಡಬೇಕು, ಸಂಜೆ ಅಭ್ಯಾಸ. ಬಲಬದಿಯಲ್ಲಿ ಆಡಲು ಅವರಿಗೆ ಯಾರೂ ಇಲ್ಲ. ಪ್ರತಿ ಪಂದ್ಯವೂ ನನ್ನದೇ. ನೋಡಲು ಬರುವವರು ಇನ್ನೂರು ಜನ. ಅಲ್ಲಿ ನನ್ನ ಹೆಸರು ಕೇಳಿದವರು ಒಬ್ಬರೂ ಇಲ್ಲ.

ನವೆಂಬರ್ 20ರೊಳಗೆ ಹೇಳಬೇಕು. ಇಲ್ಲಿ ನನ್ನನ್ನು ಇಷ್ಟಪಡುವವರು ಐದು ಸಾವಿರ, ನಾನು ಆಡಬೇಕೆನ್ನುವವರು ಅವರಲ್ಲಿ ಯಾರೂ ಇಲ್ಲ. ಅಲ್ಲಿ ನಾನು ಆಡಬೇಕು ಎನ್ನುತ್ತಾರೆ, ಇಷ್ಟಪಡುವವರು ಯಾರೂ ಇಲ್ಲ. ಇದರಲ್ಲಿ ಯಾವುದು ಆಟಗಾರನ ಜೀವನ ಎಂದು ನನಗೆ ತಿಳಿಯುತ್ತಿಲ್ಲ.

ಪೂರ್ತಿ ಪತ್ರ ಬರೆಯದಿದ್ದರೂ ಆಗುತ್ತದೆ. ಇದೇ ಹಾಳೆಯ ಮೇಲೆ, ಬೇಡವಾದ್ದಕ್ಕೆ ಕೆಂಪಿನಲ್ಲಿ ಒಂದು ಗೆರೆ ಎಳೆದು ವಾಪಸು ಕಳಿಸಿ.

ತೆಪ್ಪೇಯ್


ಕಿತಾಹಾಮ
ನವೆಂಬರ್ 3 (ಕಾರ್ಡು)

ಮೇಷ್ಟ್ರಿಗೆ ನಮಸ್ಕಾರಗಳು. ಪತ್ರ ತಲುಪಿತೇ? ಇನ್ನು ಹದಿನೇಳು ದಿನ ಇದೆ.

ತೆಪ್ಪೇಯ್


ಓಕಿ ದ್ವೀಪ
ನವೆಂಬರ್ 14

ಕುವಾಬಾರ ಅವರೇ,

ಪತ್ರವೂ ಕಾರ್ಡೂ ತಲುಪಿವೆ. ಈ ಉತ್ತರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಗೆರೆ ಎಳೆಯಲು ಕೇಳಿದ್ದೀರಿ. ಎಳೆಯಲು ಯಾಕೆ ಆಗುತ್ತಿಲ್ಲ ಎಂಬ ವಾಸ್ತವವನ್ನು ಬರೆಯುತ್ತೇನೆ.

ಸೆಪ್ಟೆಂಬರ್ 14ರಂದು ನಾನು ಕಿತಾಹಾಮದಲ್ಲಿದ್ದೆ. ಹಡಗು, ಬಸ್ಸು, ಮೂರು ರೈಲು, ಒಟ್ಟು ಒಂದೂವರೆ ದಿನ. ಫುಮಿಗೆ ಕಡಲಾಚೆಯ ಊರಿನ ಹಲ್ಲಿನ ವೈದ್ಯರ ಹತ್ತಿರ ಹೋಗುತ್ತೇನೆ ಎಂದು ಹೇಳಿ ಹೊರಟಿದ್ದೆ. ಟೋಪಿ ಹಾಕಿದ್ದೆ, ಮೂಗು ಬಾಯಿ ಮುಚ್ಚುವ ಮುಖಗವಸು ಹಾಕಿದ್ದೆ. ಗುರುತು ಹತ್ತಬಾರದು ಎಂದೇ ಹಾಗೆ ಮಾಡಿದೆ. ನೀವು ಗೇಟಿನಲ್ಲಿ ನಿಲ್ಲುವುದನ್ನು ದೂರದಿಂದ ನೋಡಿ, ಪಂದ್ಯ ಮುಗಿದ ಮೇಲೆ ಮುಖಗವಸು ತೆಗೆದು ಚೆನ್ನಾಗಿ ಬೈದು ಬರಬೇಕು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಬೈಗುಳವನ್ನು ರೈಲಿನಲ್ಲೇ ಬರೆದಿಟ್ಟುಕೊಂಡಿದ್ದೆ.

ಸಾಲಿನಲ್ಲಿ ನನ್ನ ಸರದಿ ಬಂತು. ನೀವು ಎರಡೂ ಕೈಯಲ್ಲಿ ಕರಪತ್ರ ಕೊಟ್ಟಿರಿ. "ಬಿಸಿಲು ಜೋರಿದೆ ಯಜಮಾನ್ರೇ, ಬಲಗಡೆ ಮೇಲಿನ ಸಾಲಲ್ಲಿ ಕೂತ್ಕೊಳ್ಳಿ, ಅಲ್ಲಿ ನೆರಳಿರುತ್ತೆ" ಎಂದಿರಿ. ನನ್ನ ಹಿಂದೆ ಇದ್ದ ಒಬ್ಬ ಮುದುಕಿಯ ಮಂಡಿ ಹೇಗಿದೆ ಎಂದು ವಿಚಾರಿಸಿದಿರಿ. ಆಕೆ ನಿಮ್ಮ ಕಿಸೆಗೆ ಏನೋ ತುರುಕಿದರು. ಸಾಲು ಮುಂದಕ್ಕೆ ತಳ್ಳಿತು.

ನೆರಳು ಇತ್ತು. ಕುಳಿತೆ. ತಂಡ 0–3ರಲ್ಲಿ ಸೋತಿತು. ಹೊರಗೆ ಬರುವಾಗ ನಿಮ್ಮ ಅಂಗೈಗೆ ಅಂಗೈ ತಟ್ಟಿದೆ. "ಸೋತಿದ್ದಕ್ಕೆ ಕ್ಷಮಿಸಿ. ಹುಷಾರಾಗಿ ಮನೆ ಸೇರ್ಕೊಳ್ಳಿ" ಎಂದಿರಿ. ನೀವು ಆ ಪಂದ್ಯದಲ್ಲಿ ಆಡಿಯೇ ಇರಲಿಲ್ಲ. ನಿಮಗೆ ನನ್ನ ಗುರುತು ಸಿಗಲಿಲ್ಲ.

ಹಡಗಿನಲ್ಲಿ ಕುಳಿತಾಗ ಸಿಟ್ಟು ಬಂದಿತ್ತು. ಐದು ಸಾವಿರ ಜನರ ಮಂಡಿ ನೆನಪಿರುವವನಿಗೆ ನನ್ನ ಗುರುತಿಲ್ಲವೇ ಎಂದು. ಮನೆ ಸೇರುವಾಗ ಅದು ಸಿಟ್ಟಾಗಿ ಉಳಿದಿರಲಿಲ್ಲ. ಏನಾಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಮುಖ ನೋಡಬೇಡ, ಕಾಲು ನೋಡು ಎಂದು ಹದಿನೈದು ವರ್ಷ ಕೆಂಪಿನಲ್ಲಿ ಬರೆದೆ. ಅಲ್ಲಿ ನೀವು ಮುಖ ನೋಡುತ್ತಾ ನಿಂತಿದ್ದಿರಿ, ಸೋತ ಜನ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ಆ ಕೆಲಸ ನನಗೆ ಗೊತ್ತಿಲ್ಲದ ಕೆಲಸ. ಗೊತ್ತಿಲ್ಲದ್ದನ್ನು ತಿದ್ದುವ ಹಕ್ಕು ನನಗಿಲ್ಲ. ಆದ್ದರಿಂದ ಕಪ್ಪು ಪೆನ್ನು. ನನ್ನನ್ನು ಯಜಮಾನರೇ ಎಂದವರನ್ನು ನೀನು ಎನ್ನಲೂ ಬಾಯಿ ಬರಲಿಲ್ಲ.

ಶಿಕೊಕುವೋ ಗೇಟೋ, ನನಗೆ ತಿಳಿಯದು. ಗೆರೆ ಎಳೆಯದೆ ಹಾಳೆ ವಾಪಸು ಕಳಿಸಿದ್ದೇನೆ.

ಯಾಸುಗಿ


ಕಿತಾಹಾಮ
ನವೆಂಬರ್ 24

ಮೇಷ್ಟ್ರಿಗೆ ನಮಸ್ಕಾರಗಳು.

ಸಮುದ್ರ ಕೆಟ್ಟು ನಾಲ್ಕು ದಿನ ಹಡಗು ಹೊರಡಲಿಲ್ಲವಂತೆ. ನಿಮ್ಮ ಪತ್ರ 21ರಂದು ಬಂತು. ನಾನು 20ರ ಸಂಜೆಯೇ ಹೇಳಿಯಾಗಿತ್ತು. ಶಿಕೊಕುವಿಗೆ ಹೋಗುತ್ತೇನೆ.

ನಿಮ್ಮ ಗೆರೆಗೆ ಕಾದೆ. ಬರಲಿಲ್ಲ. ಆಮೇಲೆ ಜುಲೈನಲ್ಲಿ ನಾನೇ ಬರೆದದ್ದು ನೆನಪಾಯಿತು. ಇನ್ನೊಂದು ಸಲ ಸಿಗಬೇಕು, ಅಷ್ಟೇ ಬೇಕು ಎಂದು. ಯಾರೂ ಇಷ್ಟಪಡದಿದ್ದರೂ ಅದು ಬೇಕು ಎನ್ನುವುದು ಬಿಟ್ಟರೆ ನನ್ನ ಹತ್ತಿರ ಬೇರೆ ಕಾರಣ ಇಲ್ಲ.

ಈಗ ನಿಮ್ಮ ಪತ್ರಕ್ಕೆ. ಇದನ್ನು ಬರೆಯಲು ಮೂರು ದಿನ ಹಿಡಿಯಿತು. ನನಗೆ ಗುರುತು ಸಿಕ್ಕಿತ್ತು.

ಗೇಟಿಗೆ ನೀವು ಇನ್ನೂ ಐವತ್ತು ಹೆಜ್ಜೆ ದೂರ ಇರುವಾಗಲೇ ಸಿಕ್ಕಿತ್ತು. ಹೈಸ್ಕೂಲಿನ ಮೈದಾನವನ್ನು ಹನ್ನೊಂದು ಸುತ್ತು ಓಡಿಸಿ ಪಕ್ಕದಲ್ಲಿ ನಡೆಯುತ್ತಿದ್ದವರ ನಡಿಗೆ ಮರೆಯುತ್ತದೆಯೇ? ಆದರೆ ನೀವು ಟೋಪಿ ಹಾಕಿದ್ದಿರಿ, ಮುಖ ಮುಚ್ಚಿದ್ದಿರಿ. ಗುರುತು ಬೇಡ ಎಂದು ಬಂದವರನ್ನು ಸಾಲಿನ ನಡುವೆ ಹೆಸರು ಹಿಡಿದು ಕರೆಯುವುದು ಹೇಗೆ? ಬಾಗಿಲು ಕಾಯುವ ಶಿಷ್ಯನ ಪಕ್ಕ ಕಾಣಿಸಿಕೊಳ್ಳಲು ನಿಮಗೆ ನಾಚಿಕೆ ಎಂದುಕೊಂಡೆ. ಆ ಮರ್ಯಾದೆಯನ್ನಾದರೂ ಉಳಿಸೋಣ ಎಂದು ಯಜಮಾನ್ರೇ ಎಂದೆ. ಬಲಗಡೆ ಮೇಲಿನ ಸಾಲು ಎಂದದ್ದು ನೆರಳಿಗೆ ಮಾತ್ರ ಅಲ್ಲ. ಬಲಬದಿಯ ರಕ್ಷಕನ ಕಾಲು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಹತ್ತು ದಿನ ಬಿಟ್ಟು ನೀವು ಬರೆದ ಕಪ್ಪು ಶಾಯಿಯ ಪತ್ರ ಬಂದಾಗ, ನೋಡಿದರು, ನಾಚಿದರು, ಬಿಟ್ಟುಬಿಟ್ಟರು ಎಂದುಕೊಂಡೆ. ಅಕ್ಟೋಬರಿನಲ್ಲಿ ಬಿಸಿಲು ಜೋರಾಗಿತ್ತು ಎಂದು ಬರೆದದ್ದು, ನೀವಾಗಿ ಹೇಳುತ್ತೀರೇನೋ ಎಂದು.

ನಿಮ್ಮ ಪತ್ರದಲ್ಲಿ ಒಂದು ವಾಸ್ತವ ಬಿಟ್ಟುಹೋಗಿದೆ. ಹೊರಗೆ ಹೋಗುವಾಗ ನೀವು ಒಂದು ಸಲ ಅಂಗೈ ತಟ್ಟಿ ಹೋದವರು ಮತ್ತೆ ಒಳಗೆ ಬಂದು, ಸುತ್ತಿ, ಸಾಲಿನ ಕೊನೆಗೆ ಸೇರಿ, ಎರಡನೇ ಸಲ ಬಂದಿರಿ. ಆಗಲೂ ನಾನು ಗುರುತು ತೋರಿಸಲಿಲ್ಲ.

ನಿನ್ನೆ ಕೊನೆಯ ತವರು ಪಂದ್ಯ. ಕಿನು ಅಜ್ಜಿಗೆ ಹೇಳಿದೆ.

"ಅಲ್ಲೂ ಗೇಟಲ್ಲೇ ನಿಲ್ಲಿಸ್ತಾರಾ?"

"ಇಲ್ಲಜ್ಜಿ, ಆಡೋಕೆ. ಅಲ್ಲಿ ಗೇಟೇ ಇಲ್ವಂತೆ. ಮೈದಾನದ ಸುತ್ತ ಒಂದು ಹಗ್ಗ ಕಟ್ಟಿರ್ತಾರಂತೆ, ಅಷ್ಟೆ."

"ಹಂಗಾದ್ರೆ ಜನ ಎಲ್ಲಿಂದ ಒಳಗ್ ಬರ್ತಾರೆ?"

"ಎಲ್ಲಾ ಕಡೆಯಿಂದ."

"ಇಷ್ಟು ದಿನ ನಿನ್ನ ನೋಡೋಕೆ ಬರ್ತಿದ್ದೆ. ಇನ್ನು ಆಟ ನೋಡ್ಬೇಕೇನೋ. ನಂಗೆ ಅದರ ನಿಯಮಾನೇ ಗೊತ್ತಿಲ್ವಲ್ಲೋ" ಎಂದರು. ಜೆರ್ಸಿಯ ತೋಳಿನಿಂದ ಮೂಗು ಒರೆಸಿಕೊಂಡರು. ಅನ್ನದ ಉಂಡೆ ಕೊಟ್ಟರು, ಎರಡು.

ಜನಕ್ಕೆ ನಾನು ಯಾಕೆ ಇಷ್ಟ ಎಂಬ ಪ್ರಶ್ನೆಯನ್ನು ಏಪ್ರಿಲ್‌ನಲ್ಲಿ ಕೇಳಿದ್ದೆ. ಉತ್ತರ ಗೊತ್ತಾಗಲಿಲ್ಲ. ಗೊತ್ತಾಗದೆಯೇ ಹೊರಡುತ್ತಿದ್ದೇನೆ.

ತೆಪ್ಪೇಯ್


ಓಕಿ ದ್ವೀಪ
ಡಿಸೆಂಬರ್ 5

ತೆಪ್ಪೇಯ್,

ಕೆಂಪು ಪೆನ್ನು ಒಣಗಿಹೋಗಿತ್ತು. ದ್ವೀಪದ ಒಂದೇ ಅಂಗಡಿಗೆ ಹೋಗಿ ಹೊಸದು ತಂದೆ. ಫುಮಿ ಈಗ ಊಟಕ್ಕೆ ಕರೆಯುತ್ತಿದ್ದಾಳೆ. ಹಲ್ಲಿನ ವೈದ್ಯರ ಸಂಗತಿ ಅವಳಿಗೆ ಗೊತ್ತಾಗಿದೆ. "ಒಂದೂವರೆ ದಿನ ಹೋಗಿ ಮುಖ ಮುಚ್ಕೊಂಡು ನಿಂತ್ರಾ? ಅವನೂ ನೋಡಿ ನೋಡದ ಹಾಗಿದ್ನಾ? ಗುರುವಿಗೆ ತಕ್ಕ ಶಿಷ್ಯ, ಇಬ್ರಿಗೂ ಬುದ್ಧಿ ಇಲ್ಲ" ಎಂದು ಬೆಳಿಗ್ಗೆಯಿಂದ ಹೇಳುತ್ತಿದ್ದಾಳೆ.

ನಿನ್ನ ಪತ್ರ ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಗುರುತು ಸಿಕ್ಕೂ ಕರೆಯದಿದ್ದ ಸಾಲಿಗೆ ಗೆರೆ. ನನಗೆ ನಾಚಿಕೆ ಎಂದುಕೊಂಡ ಸಾಲಿಗೆ ಎರಡು ಗೆರೆ. ಮುಖ ಮುಚ್ಚಿಕೊಂಡು ಬಂದವನ ತಪ್ಪನ್ನು ನೀನು ಬರೆದಿಲ್ಲ. ಅದನ್ನು ಅಂಚಿನಲ್ಲಿ ನಾನೇ ಸೇರಿಸಿದ್ದೇನೆ. ಶಿಕೊಕುವಿಗೆ ಹೋಗುತ್ತೇನೆ ಎಂಬಲ್ಲಿ ತಿದ್ದುವುದು ಏನೂ ಇರಲಿಲ್ಲ.

ಎರಡನೇ ಸಲ ಬಂದಿರಿ ಎಂದು ಬರೆದದ್ದು ತಪ್ಪು. ಮೂರು ಸಲ. ಮೂರನೇ ಸಲ ಜನ ತಳ್ಳಿದ್ದರಿಂದ ನಿನ್ನ ಪಕ್ಕದ ಆ ಹೊಸ ಗೋಲ್‌ಕೀಪರನ ಸಾಲಿಗೆ ಬಿದ್ದೆ. ಅವನ ಕೈ ತಟ್ಟಿ ನಿನ್ನದು ತಪ್ಪಿಹೋಯಿತು. ಅದು ನಿನಗೆ ಕಾಣಲಿಲ್ಲ. ಯಾಕೆ ಮೂರು ಸಲ ನಿಂತೆ ಎಂದು ಕೇಳಬೇಡ, ಆ ಉತ್ತರ ನನ್ನ ಹತ್ತಿರವೂ ಇಲ್ಲ. ಆದರೆ ಅಂಕಿ ಸರಿಯಾಗಿ ಬರೆ.

ಮಾರ್ಚಿನಲ್ಲಿ ಮೊದಲ ಪಂದ್ಯ ಯಾವ ತಾರೀಕು? ಈ ಸಲ ಸುಮ್ಮನೆ ಕೇಳುತ್ತಿಲ್ಲ. ಫುಮಿಯೂ ಬರುತ್ತಾಳೆ. ಹಗ್ಗದ ಬಲಗಡೆ ನಿಲ್ಲುತ್ತೇನೆ, ಟೋಪಿ ಇಲ್ಲದೆ. ಕಂಡರೆ ಕೂಗಿ ಕರೆ.

ಕರೆದ ಮೇಲೆ ನನ್ನ ಮುಖ ನೋಡುತ್ತಾ ನಿಲ್ಲಬೇಡ. ಎರಡನೇ ಹೆಜ್ಜೆ.

ಯಾಸುಗಿ